ಗೋದಲಿಯಿಂದ ಸಗಣಿಯವರೆಗೆ: ಹಸು ತಿಂದ ಮೇವಿನ ಜಾಡು ಹಿಡಿಯುವುದು ಹೀಗೆ

ಬೆಳಿಗ್ಗೆ ಆರು ಗಂಟೆಗೆ ಗೋದಲಿಗೆ ಹಾಕಿದ ರಾಗಿ ಹುಲ್ಲು ಹಸುವಿನ ಹೊಟ್ಟೆಯಿಂದ ಆಚೆ ಬರುವುದು ಯಾವಾಗ? ಕೇಳಿದರೆ ಬಹಳ ಜನ "ನಾಳೆ ಬೆಳಿಗ್ಗೆ ಸಗಣಿ ಬಾಚುವಾಗ" ಅನ್ನುತ್ತಾರೆ. ಪೂರ್ತಿ ತಪ್ಪೇನಲ್ಲ. ಮೊದಲ ಚೂರುಗಳು ಅಷ್ಟೊತ್ತಿಗೆ ಬಂದಿರುತ್ತವೆ. ಆದರೆ ಹೆಚ್ಚಿನ ಪಾಲು ಬರುವುದು ಎರಡನೇ, ಮೂರನೇ ದಿನ. ಗಟ್ಟಿ ಕಡ್ಡಿಯ ಕೊನೆಯ ಚೂರುಗಳಿಗೆ ನಾಲ್ಕೈದು ದಿನವೂ ಹಿಡಿಯಬಹುದು. ಅದೇ ಹೊತ್ತಿಗೆ ತಿಂದ ಬೂಸಾ, ಫೀಡು ಹುಲ್ಲಿಗಿಂತ ಬೇಗ ಸಾಗುತ್ತವೆ. ನೀರು ಮತ್ತು ನೀರಲ್ಲಿ ಕರಗಿದ್ದು ಎಲ್ಲಕ್ಕಿಂತ ಮುಂದೆ.

ಇದನ್ನು ಕಂಡುಹಿಡಿದ ರೀತಿ ತುಂಬಾ ಸರಳ. ಇಂಗ್ಲೆಂಡಿನ ಸಿ.ಸಿ. ಬಾಲ್ಚ್ ಎಂಬ ವಿಜ್ಞಾನಿ ಒಣಹುಲ್ಲಿಗೆ ಬಣ್ಣ ಹಾಕಿ ಹಸುಗಳಿಗೆ ತಿನ್ನಿಸಿದರು. ಆಮೇಲೆ ಹೊತ್ತು ಹೊತ್ತಿಗೆ ಸಗಣಿ ತೊಳೆದು, ಅದರಲ್ಲಿ ಬಣ್ಣದ ಚೂರು ಎಷ್ಟಿವೆ ಅಂತ ಎಣಿಸಿದರು. ಅವರ ಲೇಖನ ಬಂದದ್ದು 1950ರಲ್ಲಿ. ಈಗ ಪ್ರಯೋಗಾಲಯಗಳಲ್ಲಿ ಬಣ್ಣದ ಬದಲು ಕ್ರೋಮಿಯಂನಂಥ ಲೋಹದ ಗುರುತು ಬಳಸುತ್ತಾರೆ. ಸಗಣಿ ಮಾತ್ರ ಈಗಲೂ ಹೊತ್ತು ಹೊತ್ತಿಗೆ ಎತ್ತಲೇಬೇಕು.

ನಾವು ಸಾಮಾನ್ಯವಾಗಿ ಲೆಕ್ಕ ಇಡುವುದು ಎಷ್ಟು ಕೆ.ಜಿ. ಹಾಕಿದೆವು ಅಂತ. ಹಾಕಿದ್ದು ಒಳಗೆ ಎಷ್ಟು ಹೊತ್ತು ನಿಂತಿತು ಅನ್ನುವುದೂ ಅಷ್ಟೇ ಮುಖ್ಯ. ತೀರಾ ಬೇಗ ಓಡಿದರೆ ದುಡ್ಡು ಕೊಟ್ಟು ತಂದ ಫೀಡು ತಿಪ್ಪೆ ಸೇರುತ್ತದೆ. ತೀರಾ ನಿಧಾನವಾದರೆ ಹೊಟ್ಟೆ ಖಾಲಿಯಾಗುವುದಿಲ್ಲ, ಹಸು ಮುಂದಿನ ಹೊರೆಗೆ ಬಾಯಿ ಹಾಕುವುದಿಲ್ಲ. ಈ ಎರಡರಲ್ಲಿ ನಿಮ್ಮ ಕೊಟ್ಟಿಗೆಯದು ಯಾವ ಕಥೆ ಅಂತ ನೀವೇ ನೋಡಿಕೊಳ್ಳಬಹುದು. ಒಂದು ಟಾರ್ಚು, ಕೈಗಡಿಯಾರ, ಒಂದು ಬಕೆಟ್ಟು, ಅಡುಗೆಮನೆಯವರು "ಇನ್ನು ವಾಪಸ್ ತರಬೇಡಿ" ಅಂತ ಕೊಟ್ಟ ಹಳೇ ಜರಡಿ ಇದ್ದರೆ ಸಾಕು.

ಹೆಜ್ಜೆ 1: ಗೋದಲಿಯನ್ನೂ ಬಾಯನ್ನೂ ನೋಡಿ

ಹಸುವಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಅಲ್ಲಿರುವುದು ಗಟ್ಟಿ ಒಸಡು. ನಾಲಿಗೆಯಿಂದ ಮೇವನ್ನು ಸುತ್ತಿ ಎಳೆದುಕೊಂಡು, ದವಡೆ ಹಲ್ಲಲ್ಲಿ ಅರೆಬರೆ ಅಗಿದು ನುಂಗಿಬಿಡುತ್ತದೆ. ಆ ಹೊತ್ತಿಗೆ ಅಷ್ಟೇ ಸಾಕು, ಸರಿಯಾದ ಅಗಿತ ಆಮೇಲೆ ಇದೆ.

ಮೇವು ಹಾಕಿ ಎರಡು ಗಂಟೆ ಬಿಟ್ಟು ಗೋದಲಿ ನೋಡಿ. ಸೀಮೆಹುಲ್ಲಿನ ದಪ್ಪ ದಂಟು, ಜೋಳದ ಕಡ್ಡಿಯ ಬುಡ ಹಾಗೇ ಉಳಿದಿದ್ದು ಸೊಪ್ಪು ಮಾತ್ರ ಖಾಲಿಯಾಗಿದ್ದರೆ, ಹಸು ಆರಿಸಿಕೊಂಡು ತಿಂದಿದೆ ಅಂತ ಅರ್ಥ. ಒಂದರಿಂದ ಎರಡು ಇಂಚಿಗೆ ಕತ್ತರಿಸಿ ಹಾಕಿದರೆ ಈ ಆರಿಸಾಟ ಕಮ್ಮಿಯಾಗುತ್ತದೆ. ಅದಕ್ಕಿಂತ ಸಣ್ಣಗೆ, ಪುಡಿಪುಡಿ ಮಾಡಬೇಡಿ. "ಸಣ್ಣಗಿದ್ದಷ್ಟೂ ಬೇಗ ಜೀರ್ಣ" ಅಂತ ಕೆಲವರು ಒಣಹುಲ್ಲನ್ನು ಹಿಟ್ಟಿನಂತೆ ಬೀಸಿಸುತ್ತಾರೆ. ಹಾಗೆ ಬೀಸಿದ್ದು ಜೀರ್ಣವಾಗುವ ಮುಂಚೆಯೇ ಜಾರಿ ಮುಂದೆ ಹೋಗುತ್ತದೆ, ಮೆಲುಕು ಹಾಕಲು ಏನೂ ಉಳಿಯುವುದಿಲ್ಲ.

ಕಲಗಚ್ಚಿನ ವಿಷಯಕ್ಕೆ ಬರೋಣ. ಹಿಂಡಿ, ಬೂಸಾ, ಫೀಡು ಎಲ್ಲವನ್ನೂ ಬಕೆಟ್ಟಿನಲ್ಲಿ ನೀರಿಗೆ ಕಲಸಿ ಕುಡಿಸುವುದು ನಮ್ಮಲ್ಲಿ ಮನೆಮನೆಯ ರೂಢಿ. ಹಸು ಎರಡೇ ನಿಮಿಷದಲ್ಲಿ ಖಾಲಿ ಮಾಡಿ ಬಕೆಟ್ ನೆಕ್ಕುತ್ತದೆ, ನಮಗೂ ಖುಷಿ. ಆದರೆ ಅಗಿಯದೆ ಹೋದ ಫೀಡಿಗೆ ಜೊಲ್ಲು ಸೇರಿರುವುದಿಲ್ಲ. ನೀರಲ್ಲಿ ಕರಗಿದ ಭಾಗ ನೀರಿನ ವೇಗದಲ್ಲೇ ಮುಂದೆ ಹರಿದುಹೋಗುತ್ತದೆ. ಫೀಡನ್ನು ಒಣಗಿದ್ದ ಹಾಗೇ ಕೊಡಿ, ದೂಳು ಏಳುತ್ತಿದ್ದರೆ ಸ್ವಲ್ಪ ನೀರು ಚಿಮುಕಿಸಿ. ಕುಡಿಯುವ ನೀರು ಬೇರೆ ತೊಟ್ಟಿಯಲ್ಲಿ, ದಿನವಿಡೀ ಬಾಯಿಗೆ ಸಿಗುವಂತೆ ಇರಲಿ. ಅಜ್ಜಿಯ ಕಾಲದ ನಾಟಿ ಹಸುವಿಗೆ ಕಲಗಚ್ಚು ನಡೆಯುತ್ತಿತ್ತು, ಏಕೆಂದರೆ ಅದರಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಬಿಟ್ಟರೆ ಹೆಚ್ಚೇನೂ ಇರುತ್ತಿರಲಿಲ್ಲ. ದಿನಕ್ಕೆ ಐದಾರು ಕೆ.ಜಿ. ಫೀಡು ತಿನ್ನುವ ಸೀಮೆಹಸುವಿನ ಲೆಕ್ಕ ಬೇರೆ.

ಹೆಜ್ಜೆ 2: ಎಡಗಡೆ ಗುಂಡಿಗೆ ಮುಷ್ಟಿ ಒತ್ತಿ

ನುಂಗಿದ್ದೆಲ್ಲ ಮೊದಲು ಹೋಗುವುದು ದೊಡ್ಡ ಹೊಟ್ಟೆಗೆ. ಡಾಕ್ಟ್ರು ಅದನ್ನು ರುಮೆನ್ ಅನ್ನುತ್ತಾರೆ. ದೊಡ್ಡ ಸೀಮೆಹಸುವಿನಲ್ಲಿ ಅದು 100 ಲೀಟರಿಗೂ ಮೀರಿ ಹಿಡಿಯುತ್ತದೆ, ಹೊಟ್ಟೆಯ ಎಡಭಾಗವನ್ನು ಬಹುತೇಕ ಪೂರ್ತಿ ಆಕ್ರಮಿಸಿಕೊಂಡಿರುತ್ತದೆ. ಒಳಗೆ ಮೂರು ಪದರ. ಮೇಲೆ ಗಾಳಿ. ಅದರ ಕೆಳಗೆ ಹೊಸದಾಗಿ ತಿಂದ ಹುಲ್ಲಿನ ತೇಲುವ ಚಾಪೆ. ತಳದಲ್ಲಿ ನೀರು, ನೆನೆದು ಭಾರವಾದ ಸಣ್ಣ ಚೂರುಗಳು.

ಆ ತೇಲುವ ಚಾಪೆಯೇ ಇಡೀ ವ್ಯವಸ್ಥೆಯ ಬೀಗ. ಮೇಲಿನಿಂದ ಬಿದ್ದ ಹಿಂಡಿ, ಕಾಳಿನ ನುಚ್ಚು ಸೀದಾ ತಳಕ್ಕೆ ಇಳಿಯದಂತೆ ಅದು ತಡೆದು ಹಿಡಿಯುತ್ತದೆ. ಅಷ್ಟು ಹೊತ್ತು ಸೂಕ್ಷ್ಮಜೀವಿಗಳಿಗೆ ಕೆಲಸ ಮಾಡಲು ಸಮಯ ಸಿಗುತ್ತದೆ. ಒಂದು ಮಿಲಿಲೀಟರ್ ರುಮೆನ್ ರಸದಲ್ಲಿ ನೂರಾರು ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಹುಲ್ಲಿನ ನಾರನ್ನು ಒಡೆಯುವುದು ಇವೇ, ಹಸುವಿನ ಸ್ವಂತ ರಸಗಳಿಂದ ಅದು ಆಗದ ಕೆಲಸ. ನಾರು ಒಡೆದಾಗ ಹೆಚ್ಚಾಗಿ ಅಸಿಟಿಕ್ ಆಮ್ಲ ಬರುತ್ತದೆ, ಅದರಿಂದ ಹಾಲಿನ ಕೊಬ್ಬು. ಪಿಷ್ಟ ಒಡೆದಾಗ ಪ್ರೊಪಿಯಾನಿಕ್ ಆಮ್ಲದ ಪಾಲು ಜಾಸ್ತಿಯಾಗುತ್ತದೆ, ಅದರಿಂದ ಯಕೃತ್ತಿನಲ್ಲಿ ಸಕ್ಕರೆ ತಯಾರಾಗಿ ಹಾಲಿನ ಪ್ರಮಾಣ ಏರುತ್ತದೆ. ಹಸುವಿಗೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಆಮ್ಲಗಳಿಂದಲೇ, ರುಮೆನ್ ಗೋಡೆಯ ಮೂಲಕವೇ ರಕ್ತಕ್ಕೆ ಸೇರುತ್ತದೆ. ಹುಲ್ಲು ಕಮ್ಮಿ ಮಾಡಿ ಫೀಡು ಜಾಸ್ತಿ ಮಾಡಿದ ವಾರದಲ್ಲೇ ಡೈರಿಯಲ್ಲಿ ಫ್ಯಾಟು ಇಳಿಯುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಪರೀಕ್ಷೆ ಹೀಗೆ. ಹಸುವಿನ ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಒಂದು ತ್ರಿಕೋನದ ಗುಂಡಿ ಇದೆ. ಮೇವು ತಿಂದು ಎರಡು ಮೂರು ಗಂಟೆಯಾದ ಮೇಲೆ ಅಲ್ಲಿ ಮುಷ್ಟಿ ಒತ್ತಿ ಹಿಡಿದು ಗಡಿಯಾರ ನೋಡಿ. ಒಳಗಿನಿಂದ ನಿಧಾನಕ್ಕೆ ಒಂದು ಅಲೆ ಎದ್ದು ನಿಮ್ಮ ಕೈಯನ್ನು ಆಚೆ ತಳ್ಳುತ್ತದೆ. ಎರಡು ನಿಮಿಷದಲ್ಲಿ ಎರಡರಿಂದ ನಾಲ್ಕು ಸಲ ತಳ್ಳಬೇಕು. ಒಂದೂ ಇಲ್ಲ, ಅಥವಾ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು ಅಂದರೆ ಹೊಟ್ಟೆ ನಿಂತಿದೆ. ಕೈ ಒತ್ತಿದಾಗ ನಾದಿದ ಹಿಟ್ಟಿನಂತೆ ಕೊಂಚ ತಗ್ಗಿ ಮೆಲ್ಲಗೆ ಮೇಲೆ ಬಂದರೆ ಒಳಗೆ ಹುಲ್ಲಿನ ಚಾಪೆ ಚೆನ್ನಾಗಿದೆ. ಬರೀ ನೀರು ಕುಲುಕಿದಂತೆ ಅನ್ನಿಸಿದರೆ ಚಾಪೆ ಇಲ್ಲ. ಗುಂಡಿ ಒಳಕ್ಕೆ ಆಳವಾಗಿ ಕುಸಿದಿದ್ದರೆ ಹಸು ಸರಿಯಾಗಿ ತಿಂದೇ ಇಲ್ಲ, ನೀವು ಎಷ್ಟೇ ಹಾಕಿರಿ. ಗುಂಡಿಯೇ ಕಾಣದೆ ಡೋಲಿನಂತೆ ಬಿಗಿದಿದ್ದರೆ ಅದು ಹೊಟ್ಟೆ ಉಬ್ಬರ. ಪರೀಕ್ಷೆ ನಿಲ್ಲಿಸಿ ಡಾಕ್ಟ್ರಿಗೆ ಫೋನ್ ಮಾಡಿ.

ಹೆಜ್ಜೆ 3: ಮೆಲುಕು ಎಣಿಸಿ

ಹಸು ಮಲಗಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುವಾಗ ಕುತ್ತಿಗೆಯ ಎಡಭಾಗ ನೋಡುತ್ತಿರಿ. ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಸರ್ರನೆ ಬರುವುದು ಕಾಣುತ್ತದೆ. ಬಂದ ತಕ್ಷಣ ಹಸು ಅದರ ನೀರನ್ನು ಹಿಂಡಿ ನುಂಗುತ್ತದೆ, ಆಮೇಲೆ ಅಗಿತ ಶುರು. ಅಲ್ಲಿಂದ ಎಣಿಸಿ. ಮತ್ತೆ ನುಂಗುವವರೆಗೆ 50ರಿಂದ 70 ಸಲ ಅಗಿದರೆ ಚೆನ್ನ. ಮೂವತ್ತು ಮೂವತ್ತೈದಕ್ಕೇ ನುಂಗುತ್ತಿದ್ದರೆ ಮೇವಿನಲ್ಲಿ ನಾರು ಸಾಲದು. ಒಂದೇ ಉಂಡೆ ಎಣಿಸಿ ತೀರ್ಮಾನಕ್ಕೆ ಬರಬೇಡಿ, ನಾಲ್ಕೈದು ಉಂಡೆ ನೋಡಿ.

ದಿನಕ್ಕೆ ಏಳೆಂಟು ಗಂಟೆ ಹಸು ಇದೇ ಕೆಲಸ ಮಾಡುತ್ತದೆ, ಅದರಲ್ಲಿ ದೊಡ್ಡ ಪಾಲು ರಾತ್ರಿ. ಹತ್ತು ಹಸು ಇರುವ ಕೊಟ್ಟಿಗೆಗೆ ರಾತ್ರಿ ಒಂಬತ್ತಕ್ಕೆ ಸದ್ದಿಲ್ಲದೆ ಹೋಗಿ ಟಾರ್ಚು ನೆಲಕ್ಕೆ ಬಿಟ್ಟು ನೋಡಿ. ಮಲಗಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು.

ಇಷ್ಟೊಂದು ಅಗಿತ ಸುಮ್ನೆ ಅಲ್ಲ. ಅಗಿದಷ್ಟೂ ಜೊಲ್ಲು ಬರುತ್ತದೆ, ದಿನಕ್ಕೆ 100 ಲೀಟರಿಗೂ ಜಾಸ್ತಿ. ಆ ಜೊಲ್ಲಿನಲ್ಲಿ ನಮ್ಮ ಅಡುಗೆ ಸೋಡಾದ ಜಾತಿಯದೇ ಕ್ಷಾರ ಕೆ.ಜಿ. ಲೆಕ್ಕದಲ್ಲಿರುತ್ತದೆ. ದೊಡ್ಡ ಹೊಟ್ಟೆಯಲ್ಲಿ ಹುಟ್ಟುವ ಹುಳಿಯನ್ನು ಸಮ ಮಾಡುವುದು ಅದೇ. ಹಾಗಾಗಿ, ಸೋಡಾ ಪುಡಿಯ ಪ್ಯಾಕೆಟ್ಟಿಗೆ ದುಡ್ಡು ಹಾಕುವ ಮುಂಚೆ ಎರಡು ಹಿಡಿ ಒಣಹುಲ್ಲು ಜಾಸ್ತಿ ಹಾಕಿ ನೋಡಿ ಅಂತಲೇ ನಾನು ಹೇಳುವುದು.

ಹೆಜ್ಜೆ 4: ಸಣ್ಣ ಬಾಗಿಲ ಮುಂದೆ ಏನು ನಿಂತಿದೆ?

ದೊಡ್ಡ ಹೊಟ್ಟೆಯ ಮುಂದೆ, ಎದೆಯ ಕಡೆಗೆ, ಜೇನುಗೂಡಿನ ಕಣಗಳಿರುವ ಪುಟ್ಟ ಹೊಟ್ಟೆ ಇದೆ, ರೆಟಿಕ್ಯುಲಂ. ಅಲ್ಲಿಂದ ಮೂರನೇ ಹೊಟ್ಟೆಗೆ ಹೋಗುವ ದಾರಿಯಲ್ಲಿ ದಾಟುವುದರಲ್ಲಿ ಹೆಚ್ಚಿನವು ಒಂದೆರಡು ಮಿಲಿಮೀಟರಿಗಿಂತ ಸಣ್ಣ ಚೂರು. ಸಣ್ಣಗಿದ್ದರೆ ಮಾತ್ರ ಸಾಲದು, ನೆನೆದು ಭಾರವಾಗಿ ಮುಳುಗಿಯೂ ಇರಬೇಕು. ತೇಲುವುದು ಮತ್ತೆ ಮೆಲುಕಿಗೆ ವಾಪಸ್.

ಭತ್ತದ ಹುಲ್ಲನ್ನೇ ನಂಬಿಕೊಂಡ ಕೊಟ್ಟಿಗೆಗಳ ತೊಂದರೆ ಹುಟ್ಟುವುದು ಇಲ್ಲಿ. ಆ ಹುಲ್ಲು ಒಡೆಯಲು ಬಹಳ ಹೊತ್ತು ಬೇಕು, ಬ್ಯಾಕ್ಟೀರಿಯಾಗಳಿಗೆ ಬೇಕಾದ ಸಾರಜನಕ ಅದರಲ್ಲಿ ತೀರಾ ಕಮ್ಮಿ. ಹೊಟ್ಟೆ ತುಂಬಿದೆ, ಆದರೆ ಹಸು ಬಡಕಲು. ಇದಕ್ಕೆ ಮೂರು ದಾರಿ. ಮೊದಲನೆಯದು ಸ್ವಲ್ಪ ಹಿಂಡಿ ಅಥವಾ ಅಲಸಂದೆ, ಕುದುರೆಮೆಂತೆಯಂಥ ದ್ವಿದಳ ಮೇವು ಜೊತೆಗೆ ಕೊಡುವುದು. ಎರಡನೆಯದು ಭತ್ತದ ಹುಲ್ಲಿನ ಅರ್ಧಕ್ಕೆ ರಾಗಿ ಹುಲ್ಲು ಸೇರಿಸುವುದು, ಅದು ಎಷ್ಟೋ ಮೇಲು. ಮೂರನೆಯದು ಯೂರಿಯಾ ಉಪಚಾರ: 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಬಿಡಬೇಕು. ತೆಗೆದ ಮೇಲೆ ಒಂದಷ್ಟು ಹೊತ್ತು ಗಾಳಿಗೆ ಹರಡಿ, ಮೂಗು ಉರಿಸುವ ಅಮೋನಿಯಾ ವಾಸನೆ ಹೋದ ಮೇಲೆ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ಕರಗಿಸಿದ ನೀರು ದನದ ಬಾಯಿಗೆ ಸಿಗುವ ಕಡೆ ಒಂದು ಗಳಿಗೆಯೂ ಇರಬಾರದು, ಕುಡಿದರೆ ಪ್ರಾಣಕ್ಕೇ ಅಪಾಯ.

ಈ ಜೇನುಗೂಡು ಹೊಟ್ಟೆಗೆ ಇನ್ನೊಂದು ಕುಖ್ಯಾತಿ ಇದೆ. ಮೇವಿನ ಜೊತೆ ಬಂದ ಮೊಳೆ, ಬೈಂಡಿಂಗ್ ವೈರಿನ ತುಂಡು ಬಂದು ಬೀಳುವುದು ಇಲ್ಲೇ. ಹೊಟ್ಟೆ ಹಿಂಡಿದಾಗಲೆಲ್ಲ ತಂತಿ ಗೋಡೆಗೆ ಚುಚ್ಚುತ್ತದೆ, ಗೋಡೆಯ ಆಚೆ ಸ್ವಲ್ಪ ದೂರದಲ್ಲೇ ಹೃದಯ. ಹಸು ಇಳಿಜಾರು ಇಳಿಯಲು ಹಿಂಜರಿದರೆ, ಮೊಣಕೈ ಆಚೆ ಚಾಚಿ ಬೆನ್ನು ಕಮಾನು ಮಾಡಿ ನಿಂತರೆ, ಸಗಣಿ ಹಾಕುವಾಗ ನರಳಿದರೆ ಇದನ್ನು ಅನುಮಾನಿಸಿ. ಮನೆ ಕಟ್ಟುವ ಜಾಗದ ಹತ್ತಿರದಿಂದ ಕೊಯ್ದ ಹುಲ್ಲನ್ನು ಕಣ್ಣಾಡಿಸದೆ ಹಾಕಬೇಡಿ. ಚಾಫ್ ಕಟರಿನ ಬಾಯಿ ಬಳಿ ಒಂದು ಹಳೇ ಸ್ಪೀಕರ್ ಅಯಸ್ಕಾಂತ ಕಟ್ಟಿಟ್ಟರೆ ಏನೇನು ಅಂಟಿಕೊಂಡಿದೆ ಅಂತ ವಾರಕ್ಕೊಮ್ಮೆ ನೋಡಬಹುದು.

ಹೆಜ್ಜೆ 5: ಕಾಣದ ದಾರಿ

ಇಲ್ಲಿಂದ ಮುಂದೆ ನಮ್ಮ ಕೈಗೆ ಸಿಗುವುದು ಏನೂ ಇಲ್ಲ, ಬೇಗ ದಾಟೋಣ. ಮೂರನೇ ಹೊಟ್ಟೆ ಪುಸ್ತಕದ ಹಾಳೆಗಳಂಥ ಮಡಿಕೆಗಳ ನಡುವೆ ನೀರನ್ನು ಹೀರಿಕೊಳ್ಳುತ್ತದೆ. ನಾಲ್ಕನೆಯದು ನಮ್ಮ ಹೊಟ್ಟೆಯ ತರಹದ್ದೇ, ಆಮ್ಲ ಸುರಿಸುತ್ತದೆ. ಮೇವಿನ ಜೊತೆ ಕೊಚ್ಚಿಕೊಂಡು ಬಂದ ಬ್ಯಾಕ್ಟೀರಿಯಾಗಳು ಸಾಯುವುದು ಅಲ್ಲಿ. ಸಣ್ಣ ಕರುಳಿನಲ್ಲಿ ಅವು ಜೀರ್ಣವಾಗಿ ಪ್ರೋಟೀನ್ ಆಗುತ್ತವೆ. ಹುಲ್ಲು ಹಾಕಿ ನಾವು ಬ್ಯಾಕ್ಟೀರಿಯಾ ಸಾಕುತ್ತೇವೆ, ಹಸು ಆ ಬ್ಯಾಕ್ಟೀರಿಯಾಗಳನ್ನು ತಿಂದು ಹಾಲು ಕೊಡುತ್ತದೆ! ಸಣ್ಣ ಕರುಳು ಸುಮಾರು 40 ಮೀಟರ್ ಉದ್ದವಿದ್ದರೂ ಮೇವು ಅದನ್ನು ಕೆಲವೇ ಗಂಟೆಗಳಲ್ಲಿ ದಾಟುತ್ತದೆ. ಹೊತ್ತು ಹಿಡಿಯುವುದೆಲ್ಲ ದೊಡ್ಡ ಹೊಟ್ಟೆಯಲ್ಲೇ.

ಹೆಜ್ಜೆ 6: ಸಗಣಿ ತೊಳೆಯಿರಿ

ಮುಜುಗರ ಬೇಡ, ಇಡೀ ಪರೀಕ್ಷೆಯಲ್ಲಿ ಹೆಚ್ಚು ವಿಷಯ ತಿಳಿಸುವುದು ಇದೇ. ಮೊದಲು ಬಿದ್ದ ಹಾಗೇ ನೋಡಿ. ಗಟ್ಟಿ ನೆಲದ ಮೇಲೆ ಎರಡು ಬೆರಳಿನಷ್ಟು ಎತ್ತರಕ್ಕೆ, ಸುತ್ತ ಉಂಗುರದಂತೆ ಬಿದ್ದು ನಡುವೆ ಸಣ್ಣ ಗುಳಿ ಇದ್ದರೆ ಹದವಾಗಿದೆ. ನೀರಾಗಿ ಚೆಲ್ಲಿದರೆ ಮೇವು ಓಡುತ್ತಿದೆ. ಬೆರಣಿ ತಟ್ಟುವಷ್ಟು ಗಟ್ಟಿಯಾಗಿ ಒಂದರ ಮೇಲೊಂದು ಕುಳಿತಿದ್ದರೆ ನೀರು ಸಾಲದು ಅಥವಾ ಒಣಹುಲ್ಲೇ ಜಾಸ್ತಿ.

ಈಗ ಎರಡು ಬೊಗಸೆಯಷ್ಟು ತಾಜಾ ಸಗಣಿಯನ್ನು ಜರಡಿಗೆ ಹಾಕಿ, ನಲ್ಲಿ ನೀರಿನ ಕೆಳಗೆ ನೀರು ತಿಳಿಯಾಗುವವರೆಗೆ ತೊಳೆಯಿರಿ. ಉಳಿದದ್ದನ್ನು ಒಂದು ಗೋಣಿಯ ಮೇಲೆ ಹರಡಿ. ಅರ್ಧ ಇಂಚಿಗಿಂತ ಉದ್ದದ ಹುಲ್ಲಿನ ಎಳೆ ಬಹಳ ಇದ್ದರೆ ಮೆಲುಕು ಸರಿಯಾಗಿ ಆಗಿಲ್ಲ. ಜೋಳದ ಕಾಳು ಇಡಿಯಾಗಿ, ಹೊಳೆಯುತ್ತಾ ಸಿಕ್ಕರೆ ಕಾಳನ್ನು ಒಡೆಸದೆ ಕೊಟ್ಟಿದ್ದೀರಿ. ನುಚ್ಚು ಮಾಡಿಸಿದರೆ ಅದೇ ದುಡ್ಡಿಗೆ ಹಾಲು ಸಿಗುತ್ತಿತ್ತು. ಬಿಳಿ ಲೋಳೆಯ ತುಣುಕು, ಸಗಣಿಯಲ್ಲಿ ನೊರೆ ಗುಳ್ಳೆ ಕಂಡರೆ ಪಿಷ್ಟ ದೊಡ್ಡ ಹೊಟ್ಟೆಯಲ್ಲಿ ಮುಗಿಯದೆ ಹಿಂಗರುಳಿಗೆ ಹೋಗಿ ಅಲ್ಲಿ ಹುಳಿಯುತ್ತಿದೆ. ರಕ್ತ ಕಂಡರೆ ಜರಡಿ ಕೆಳಗಿಟ್ಟು ಡಾಕ್ಟ್ರನ್ನು ಕರೆಸಿ.

ಬಾಲ್ಚ್ ಮಾಡಿದ ಪರೀಕ್ಷೆಯ ಮನೆ ಮಾದರಿಯೂ ಸಾಧ್ಯ. ಮಾಮೂಲಾಗಿ ಇಡೀ ಜೋಳ ತಿನ್ನದ ಹಸುವಿಗೆ ಒಂದು ಬೆಳಿಗ್ಗೆ ಮಾತ್ರ ಒಂದು ಹಿಡಿ ಇಡೀ ಮುಸುಕಿನ ಜೋಳ ಕೊಟ್ಟು ಹೊತ್ತು ಬರೆದಿಡಿ. ಆಮೇಲೆ ಸಗಣಿಯಲ್ಲಿ ಮೊದಲ ಕಾಳು ಯಾವಾಗ ಕಂಡಿತು, ಕೊನೆಯದು ಯಾವಾಗ ಅಂತ ಗುರುತು ಹಾಕಿ. ಹಸು ಅರ್ಧ ಕಾಳನ್ನು ಅಗಿದೇಬಿಡುತ್ತದೆ, ಆದರೂ ಕೆಲವು ಸಿಗುತ್ತವೆ. ಕಾಳು ಭಾರ, ಹಾಗಾಗಿ ಹುಲ್ಲಿನ ವೇಗ ಇದರಿಂದ ಗೊತ್ತಾಗುವುದಿಲ್ಲ. ಮೇವು ಬದಲಿಸುವ ಮುಂಚೆ ಒಮ್ಮೆ, ಬದಲಿಸಿ ತಿಂಗಳಾದ ಮೇಲೆ ಒಮ್ಮೆ ಮಾಡಿದರೆ ಓಟ ಜಾಸ್ತಿಯಾಯಿತೇ ಕಮ್ಮಿಯಾಯಿತೇ ಅನ್ನುವ ಅಂದಾಜು ಸಿಗುತ್ತದೆ.

ಹೆಜ್ಜೆ 7: ಕಂಡದ್ದಕ್ಕೆ ತಕ್ಕಂತೆ ಬದಲಿಸಿ

ಮೇವು ಓಡುತ್ತಿದ್ದರೆ ಮೊದಲು ಹಾಕುವ ಕ್ರಮ ಬದಲಿಸಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಫೀಡು ಬೇಡ. ಮೊದಲು ಒಂದಷ್ಟು ಒಣಹುಲ್ಲು, ಆಮೇಲೆ ಫೀಡು. ಚಾಪೆ ಇದ್ದರೆ ತಾನೇ ಫೀಡು ಅದರ ಮೇಲೆ ನಿಲ್ಲುವುದು?

ಎರಡನೆಯದು, ಫೀಡನ್ನು ಹಂಚಿ. ಸಾಮಾನ್ಯ ಲೆಕ್ಕ ಎಂದರೆ ಮೈಗೆ ಒಂದೂವರೆ ಕೆ.ಜಿ., ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ದಿನಕ್ಕೆ 12 ಲೀಟರ್ ಕೊಡುವ ಹಸುವಿಗೆ ಸುಮಾರು 6.3 ಕೆ.ಜಿ. ಆಯಿತು. ಇದನ್ನು ಹಾಲು ಕರೆಯುವಾಗ ಎರಡೇ ಸಲಕ್ಕೆ ಸುರಿದರೆ ಒಂದೊಂದು ಸಲಕ್ಕೆ ಮೂರು ಕೆ.ಜಿ. ದಾಟುತ್ತದೆ, ಹೊಟ್ಟೆ ಹುಳಿಯಾಗುತ್ತದೆ. ಮಧ್ಯಾಹ್ನ ಒಂದು ಪಾಲು ಸೇರಿಸಿದರೆ ಒಂದು ಸಲಕ್ಕೆ ಎರಡು ಕೆ.ಜಿ.ಯ ಆಸುಪಾಸು ನಿಲ್ಲುತ್ತದೆ.

ಮೂರನೆಯದು ಮುಂಗಾರಿನ ವಿಷಯ. ಬೇಸಿಗೆಯೆಲ್ಲ ಒಣಹುಲ್ಲು ತಿಂದ ಹಸು ಜೂನ್‌ನಲ್ಲಿ ಎಳೆ ಹುಲ್ಲಿಗೆ ಬಾಯಿ ಹಾಕಿದ ಕೂಡಲೇ ಸಗಣಿ ನೀರಾಗುತ್ತದೆ, ಫ್ಯಾಟು ಇಳಿಯುತ್ತದೆ. ಹೊಸ ಮೇವಿಗೆ ತಕ್ಕ ಬ್ಯಾಕ್ಟೀರಿಯಾ ಬೆಳೆಯಲು ಎರಡು ಮೂರು ವಾರ ಬೇಕು. ಫೀಡಿನ ಬ್ರಾಂಡು ಬದಲಿಸಿದರೂ ಇದೇ ಮಾತು. ಹಳೆಯದನ್ನು ಕಾಲುಭಾಗ ಇಳಿಸಿ ಹೊಸದನ್ನು ಕಾಲುಭಾಗ ಏರಿಸುತ್ತಾ ಬನ್ನಿ. ಮೇಯಲು ಬಿಡುವ ಮುಂಚೆ ಒಂದಷ್ಟು ಒಣಹುಲ್ಲು ಹಾಕಿ. ಇಬ್ಬನಿ ಇರುವ ಎಳೆ ಕುದುರೆಮೆಂತೆ, ಅಲಸಂದೆ ಗದ್ದೆಗೆ ಹಸಿದ ದನ ಬಿಟ್ಟರೆ ಉಬ್ಬರ ಖಂಡಿತ ಅಂದುಕೊಂಡೇ ಇರಿ.

ಇನ್ನು ಹಬ್ಬ, ಮದುವೆ. ಉಳಿದ ಅನ್ನ, ಪಾಯಸ, ಹೋಳಿಗೆ ಹೂರಣವನ್ನು ಪ್ರೀತಿಯಿಂದಲೇ ಸುರಿಯುತ್ತೇವೆ. ಸಂಕ್ರಾಂತಿಗೆ ದನಕ್ಕೆ ಪೊಂಗಲ್ ತಿನ್ನಿಸುವುದೂ ಪ್ರೀತಿಯೇ. ಒಂದು ತುತ್ತು ಶಾಸ್ತ್ರಕ್ಕೆ ಕೊಡಿ, ಬಕೆಟ್ಟುಗಟ್ಟಲೆ ಬೇಡ. ಮಲೆನಾಡಿನಲ್ಲಿ ಹಲಸಿನ ಕಾಲದಲ್ಲಿ ಮರದ ಕೆಳಗೆ ಬಿದ್ದ ಹಣ್ಣನ್ನು ಹೊಟ್ಟೆ ಬಿರಿಯೆ ತಿಂದ ದನಕ್ಕೂ ಆಗುವುದು ಇದೇ. ಪಿಷ್ಟ, ಸಕ್ಕರೆ ಒಮ್ಮೆಲೇ ಬಿದ್ದಾಗ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಮಿತಿಮೀರಿ ಹೆಚ್ಚುತ್ತವೆ, ನಾರು ತಿನ್ನುವವು ಸಾಯುತ್ತವೆ. ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ. ಹಸು ಮಂಕಾಗಿ ಹಲ್ಲು ಕಡಿಯುತ್ತದೆ, ಸಗಣಿ ಹುಳಿ ವಾಸನೆಯ ನೀರಾಗುತ್ತದೆ. ಇಂಥಾಗ ಗಂಟೆಗಳೇ ಲೆಕ್ಕ. ಮನೆಮದ್ದು ಕುಡಿಸುತ್ತಾ ಕೂರಬೇಡಿ. ಬಲವಂತವಾಗಿ ತಲೆ ಎತ್ತಿ ಹುಯ್ದದ್ದು ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಕಾಯಿಲೆ.

ಡಾಕ್ಟ್ರಿಗೆ ಅಥವಾ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡುವಾಗ "ಹಸು ಮೇವು ಬಿಟ್ಟಿದೆ ಸಾರ್" ಅಂತಷ್ಟೇ ಹೇಳಬೇಡಿ. ಕೊನೆಯ ಎರಡು ದಿನ ಏನು, ಎಷ್ಟು ತಿಂತು. ಎರಡು ನಿಮಿಷದಲ್ಲಿ ಗುಂಡಿ ಎಷ್ಟು ಸಲ ತಳ್ಳಿತು. ಕೊನೆಯ ಸಲ ಮೆಲುಕು ಹಾಕಿದ್ದು ಯಾವಾಗ. ಸಗಣಿ ಯಾವಾಗ ಹಾಕಿತು, ಹೇಗಿತ್ತು. ಕರು ಹಾಕಿ ಎಷ್ಟು ದಿನ, ಗಬ್ಬವಿದ್ದರೆ ಎಷ್ಟು ತಿಂಗಳು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಫೋನ್ ಹಚ್ಚಿ, ಅವರು ಯಾವ ಔಷಧಿ ಹಿಡಿದು ಹೊರಡಬೇಕು ಅಂತ ಅಲ್ಲೇ ತೀರ್ಮಾನಿಸುತ್ತಾರೆ.